ತಾಯಂದಿರ ಸಭೆಗೆ ಮೂವರೇ ಬರುತ್ತಾರೆ: ಅಂಗನವಾಡಿಯ ಬಾಲ ವಿಕಾಸ ಸಮಿತಿಯನ್ನು ನಡೆಸುವುದು ಹೇಗೆ?

ದಾಸರಹಳ್ಳಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ನಾಲ್ಕು ವರ್ಷದ ಮಗ ನಮ್ಮ ಬೀದಿಯ ಅಂಗನವಾಡಿಗೆ ಹೋಗುತ್ತಾನೆ. ಈ ಜೂನ್ ತಿಂಗಳಿನಲ್ಲಿ ನನ್ನನ್ನು ಅಲ್ಲಿನ ಬಾಲ ವಿಕಾಸ ಸಮಿತಿಗೆ ಅಧ್ಯಕ್ಷೆಯನ್ನಾಗಿ ಮಾಡಿದರು. ಸಮಿತಿಯ ಬ್ಯಾಂಕ್ ಖಾತೆಗೆ ಟೀಚರ್ ಸಹಿಯ ಜೊತೆಗೆ ನನ್ನ ಸಹಿಯೂ ಬೇಕು. ಮೊಟ್ಟೆ, ತರಕಾರಿಯ ಹಣ ಆ ಖಾತೆಗೇ ಬರುತ್ತದೆ.

ಪಟ್ಟಿಯಲ್ಲಿ 28 ಮಕ್ಕಳಿದ್ದಾರೆ, ದಿನಕ್ಕೆ 19-20 ಮಕ್ಕಳು ಬರುತ್ತಾರೆ. ಬಾಡಿಗೆಯ ಒಂದೇ ಕೋಣೆ. ಅದರಲ್ಲೇ ಅಡುಗೆ, ಆಟ, ಪಾಠ, ನಿದ್ದೆ ಎಲ್ಲವೂ ಆಗಬೇಕು. ಶೌಚಾಲಯ ಮನೆ ಮಾಲೀಕರ ಹಿತ್ತಲಿನಲ್ಲಿದೆ, ಚಿಕ್ಕ ಮಕ್ಕಳಿಗೆ ಅದರ ಮೆಟ್ಟಿಲು ಎಟುಕುವುದಿಲ್ಲ. ಪ್ರತಿ ತಿಂಗಳು ಬೆಳಿಗ್ಗೆ ಹನ್ನೊಂದು ಗಂಟೆಗೆ ತಾಯಂದಿರ ಸಭೆ ಕರೆಯುತ್ತೇವೆ. ಬರುವವರು ನಾನು, ಒಬ್ಬ ಬಾಣಂತಿ ಮತ್ತು ಒಂದು ಮಗುವಿನ ಅಜ್ಜಿ. ಉಳಿದವರಿಗೆ ಸಹಿಯ ಪುಸ್ತಕವನ್ನು ಮನೆಗೇ ಕಳುಹಿಸುತ್ತೇವೆ.

ಕಳೆದ ವಾರ ಎದುರು ಮನೆಯವರನ್ನು ಕರೆದಾಗ ಅವರು, "ಬಂದು ನಾನೇನು ಮಾಡಬೇಕು, ನೀವೇ ಹೇಳಿ" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಈ ಶಾಲಾಪೂರ್ವ ಕೇಂದ್ರದಲ್ಲಿ ಮನೆಯವರ ಪಾತ್ರ ನಿಜವಾಗಿ ಏನು? ಅವರನ್ನು ಬರಮಾಡಿಕೊಳ್ಳುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ರಾಜಾಜಿನಗರ_ಆರನೇ_ಬ್ಲಾಕ್

ಬಾರದವರಿಗೆ ದಂಡ ಹಾಕಿ. ನಮ್ಮ ನಿವಾಸಿಗಳ ಸಂಘದಲ್ಲಿ ನೂರು ರೂಪಾಯಿ ದಂಡ ಎಂದ ಮೇಲೆಯೇ ಜನ ಬರತೊಡಗಿದರು.

ಗಾರ್ಮೆಂಟ್ಸ್_ಅಕ್ಕ

ರಾಜಾಜಿನಗರದ ಸರ್, ನಿಮ್ಮ ಸಂಘದ ಸಭೆ ಭಾನುವಾರ ನಡೆಯುತ್ತದೆಯೇ ಹೊರತು ಮಂಗಳವಾರ ಹನ್ನೊಂದು ಗಂಟೆಗೆ ನಡೆಯುವುದಿಲ್ಲ ಎಂದು ಭಾವಿಸುತ್ತೇನೆ. ನಾನು ಪೀಣ್ಯದ ಕಡೆ ಹೊಲಿಗೆ ಕೆಲಸಕ್ಕೆ ಹೋಗುತ್ತೇನೆ. ಒಂದು ಗಂಟೆಯ ಸಭೆಗೆಂದು ಅನುಮತಿ ಕೇಳಿದರೆ ಇಡೀ ದಿನದ ಕೂಲಿಯ ಜೊತೆಗೆ ಹಾಜರಾತಿಯ ಭತ್ಯವೂ ಹೋಗುತ್ತದೆ. ಅದರ ಮೇಲೆ ನೂರು ರೂಪಾಯಿ ದಂಡ ಎಂದರೆ ಮಗುವನ್ನೇ ಬಿಡಿಸಿ ಊರಿನ ಅಜ್ಜಿಯ ಮನೆಗೆ ಕಳುಹಿಸುತ್ತೇವೆ. ಆಗ ನಿಮ್ಮ ಪಟ್ಟಿಯಲ್ಲಿ ತಾಯಿಯೂ ಇರುವುದಿಲ್ಲ, ಮಗುವೂ ಇರುವುದಿಲ್ಲ.

ನಾವು ಬರುವುದಿಲ್ಲ ಎಂದರೆ ನಮಗೆ ಮಗುವಿನ ಮೇಲೆ ಕಾಳಜಿ ಇಲ್ಲ ಎಂದು ಅರ್ಥವಲ್ಲ. ರಾತ್ರಿ ಎಂಟಕ್ಕೆ ಮನೆಗೆ ಬಂದ ಮೇಲೆ ನಾನು ಮೊದಲು ಕೇಳುವುದೇ "ಇವತ್ತು ಮಿಸ್ ಏನು ಹಾಡು ಹೇಳಿಕೊಟ್ಟರು?" ಎಂದು.

ನಿವೃತ್ತ_ಮೇಲ್ವಿಚಾರಕಿ

ದಾಸರಹಳ್ಳಿಯ ತಂಗಿಗೆ, ನೀವು ಕೇಳಿದ ಪ್ರಶ್ನೆಯನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕೇಳಿಕೊಂಡಿದ್ದೇನೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಹೆಗಲಿಗೆ ಹಾಕಲಾಯಿತು. ಆರರಲ್ಲಿ ಮಾಪನಕ್ಕೆ ಸುಲಭವಾಗಿ ಸಿಗುವುದು ಆಹಾರ ಮತ್ತು ತೂಕ. ಹೀಗಾಗಿ ಪರಿಶೀಲನೆಗೆ ಹೋದ ನಮ್ಮಂಥವರು ಕೇಳುತ್ತಿದ್ದದ್ದೂ ಅದನ್ನೇ. ಮಗು ಇವತ್ತು ಎಷ್ಟು ಮಾತನಾಡಿತು, ಅದರ ತಾಯಿಯೊಂದಿಗೆ ನೀವು ಯಾವಾಗ ಮಾತನಾಡಿದಿರಿ ಎಂದು ನಾನು ಕೇಳಿದ್ದು ಬಹಳ ಕಡಿಮೆ. ಅದು ನನ್ನ ತಪ್ಪು ಎಂದು ಈಗ ಅನ್ನಿಸುತ್ತದೆ.

ಒಂದು ಕೇಂದ್ರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿನ ಕಾರ್ಯಕರ್ತೆ ತೂಕ ಮಾಡುವ ದಿನ ಮಗುವನ್ನು ತಕ್ಕಡಿಯಿಂದ ಇಳಿಸಿದ ಕೂಡಲೇ, ಮಗುವಿನ ಬೆಳವಣಿಗೆಯನ್ನು ಗುರುತಿಸುವ 'ತಾಯಿ ಕಾರ್ಡ್' ಎಂಬ ಪುಸ್ತಕವನ್ನು ತೆರೆದು, ಪೆನ್ಸಿಲನ್ನು ತಾಯಿಯ ಕೈಗೇ ಕೊಡುತ್ತಿದ್ದಳು. ವಯಸ್ಸಿನ ಗೆರೆ ಇಲ್ಲಿ, ತೂಕದ ಗೆರೆ ಇಲ್ಲಿ, ಎರಡೂ ಸೇರುವಲ್ಲಿ ನೀವೇ ಚುಕ್ಕಿ ಇಡಿ ಎನ್ನುತ್ತಿದ್ದಳು. ಓದಲು ಬಾರದ ಒಬ್ಬ ಹೆಂಗಸು ನಡುಗುವ ಬೆರಳಿನಿಂದ ಚುಕ್ಕಿ ಇಟ್ಟು, ಅದು ಹಸಿರು ಪಟ್ಟಿಯಿಂದ ಹಳದಿಗೆ ಇಳಿದಿರುವುದನ್ನು ತಾನೇ ನೋಡಿ, "ಹೋದ ತಿಂಗಳು ಜ್ವರ ಬಂದಿತ್ತಲ್ಲ, ಅದಕ್ಕೇ" ಎಂದಳು. ಮುಂದಿನ ತಿಂಗಳು ಆ ತಾಯಿಯನ್ನು ಯಾರೂ ಕರೆಯಬೇಕಾಗಲಿಲ್ಲ, ತನ್ನ ಚುಕ್ಕಿಯನ್ನು ನೋಡಲು ತಾನೇ ಬಂದಳು.

ಸಭೆಗೆ ಬನ್ನಿ ಎನ್ನಬೇಡಿ, ನಿಮ್ಮ ಮಗುವಿನ ಬಗ್ಗೆ ಇದನ್ನು ನೋಡಿ ಎನ್ನಿ.

ಶಿವಾಜಿನಗರ_ಟೀಚರ್

ಮೇಲ್ವಿಚಾರಕಿ ಮೇಡಂ ಹೇಳಿದ್ದು ಸರಿ. ಆದರೆ ಕಾರ್ಯಕರ್ತೆಯ ಕಡೆಯಿಂದಲೂ ಒಂದು ಮಾತನ್ನು ಕೇಳಬೇಕು. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಬಂದಿದೆ. ಹಾಜರಾತಿ, ತೂಕ, ಎತ್ತರ, ಮನೆ ಭೇಟಿ ಎಲ್ಲವನ್ನೂ ಮೊಬೈಲಿಗೆ ಹಾಕಬೇಕು, ಪುಸ್ತಕದಲ್ಲೂ ಬರೆಯಬೇಕು. ಮತದಾರರ ಪಟ್ಟಿಯ ಕೆಲಸ ಬಂದರೆ ಅದಕ್ಕೂ ಹೋಗಬೇಕು. ಕೇಂದ್ರ ಸರ್ಕಾರ 2018ರಲ್ಲಿ ಕಾರ್ಯಕರ್ತೆಯ ಗೌರವಧನವನ್ನು 4,500 ರೂಪಾಯಿ ಎಂದು ನಿಗದಿ ಮಾಡಿತು, ಅದರ ಮೇಲೆ ರಾಜ್ಯ ತನ್ನ ಪಾಲನ್ನು ಸೇರಿಸುತ್ತದೆ. ಸಂಬಳ ಎಂಬ ಪದವನ್ನು ನಮಗೆ ಇನ್ನೂ ಬಳಸುವುದಿಲ್ಲ. ನಮಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಇಷ್ಟರ ನಡುವೆ ಸಂಜೆ ಏಳಕ್ಕೆ ಸಭೆ ಮಾಡಿ ಎಂದರೆ ನನ್ನ ಮನೆಯಲ್ಲೂ ಮಕ್ಕಳಿದ್ದಾರೆ.

ಆದರೂ ಮನೆಯವರಿಲ್ಲದೆ ನನ್ನ ಕೆಲಸ ನಡೆಯುವುದಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ನನ್ನ ಕೇಂದ್ರದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮನೆಯಲ್ಲಿ ಉರ್ದು ಮಾತನಾಡುತ್ತಾರೆ, ಏಳೆಂಟು ಮಂದಿ ತಮಿಳು. ನಮ್ಮ ಚಟುವಟಿಕೆ ಪುಸ್ತಕ ಚಿಲಿಪಿಲಿ ಇರುವುದು ಕನ್ನಡದಲ್ಲಿ. ಒಬ್ಬ ಹುಡುಗಿ ಸೇರಿದ ಮೇಲೆ ಎರಡು ತಿಂಗಳು ಬಾಯಿ ಬಿಡಲಿಲ್ಲ. ಕಿಟಕಿಯ ಪಕ್ಕ ಕುಳಿತು ಫ್ರಾಕಿನ ಅಂಚನ್ನು ಸುತ್ತುತ್ತಿದ್ದಳು. ಒಂದು ದಿನ ಅವಳನ್ನು ಕರೆದೊಯ್ಯಲು ಬಂದ ಪಾಟಿ (ತಮಿಳಿನಲ್ಲಿ ಅಜ್ಜಿ) ಮಳೆ ನಿಲ್ಲಲೆಂದು ಒಳಗೆ ಕುಳಿತರು, ಸುಮ್ಮನೆ ಕೂರಲಾರದೆ ಕಾಗೆ ಮತ್ತು ವಡೆಯ ಕಥೆಯನ್ನು ತಮಿಳಿನಲ್ಲಿ ಹೇಳತೊಡಗಿದರು. ಉರ್ದು ಮಾತನಾಡುವ ಮಕ್ಕಳಿಗೆ ಅರ್ಥವಾಗದಿದ್ದಾಗ ಆ ಹುಡುಗಿ ಎದ್ದು ನಿಂತು, ಕಲಿತ ಒಂದಿಷ್ಟು ಕನ್ನಡದಲ್ಲಿ "ಕಾಗೆ ವಡೆ ಕದ್ದಿತು" ಎಂದಳು. ಅದೇ ಅವಳ ಮೊದಲ ಮಾತು. ಈಗ ಪ್ರತಿ ಗುರುವಾರ ಆ ಪಾಟಿಯೋ ಇನ್ನೊಬ್ಬ ದಾದಿಯೋ (ಉರ್ದುವಿನಲ್ಲಿ ಅಜ್ಜಿ) ಬಂದು ಅರ್ಧ ಗಂಟೆ ಕಥೆ ಹೇಳುತ್ತಾರೆ. ಅದನ್ನು ಸಭೆ ಎಂದು ಎಲ್ಲೂ ಬರೆದಿಲ್ಲ.

ವಿಜಯನಗರ_ಓದುಗ

ಇಷ್ಟೆಲ್ಲ ಏಕೆ? ಪ್ರತಿ ಮನೆಯಿಂದ ತಿಂಗಳಿಗೆ 50 ರೂಪಾಯಿ ಕೂಡಿಸಿ. ಆಟದ ಸಾಮಾನು ಬರುತ್ತದೆ, ಗೋಡೆಗೆ ಬಣ್ಣ ಬರುತ್ತದೆ. ಹಣ ಕೊಟ್ಟವರು ಕೇಳಲು ಬಂದೇ ಬರುತ್ತಾರೆ.

ಬಸವನಗುಡಿ_ವಕೀಲ

ಈ ಸಲಹೆಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಹಣ ಕೊಟ್ಟವರು ಮಾತ್ರ ಕೇಳಬಹುದು ಎಂಬ ಭಾವನೆ ಒಮ್ಮೆ ಬಂದರೆ, ಕೊಡಲಾಗದ ಮನೆಯ ಮಗು ಒಂದೇ ತಿಂಗಳಲ್ಲಿ ಬರುವುದನ್ನು ನಿಲ್ಲಿಸುತ್ತದೆ. ಅಂಗನವಾಡಿ ಯಾರೋ ಕೊಡುವ ದಾನವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಅಂಗನವಾಡಿಯ ಮೂಲಕ ಉಚಿತ ಊಟ ಸಿಗಬೇಕು. ಅದಕ್ಕೂ ಮೊದಲೇ, ಆಹಾರದ ಹಕ್ಕಿನ ಪ್ರಕರಣದಲ್ಲಿ 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತನ್ನು ಹೇಳಿತು: ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿಯಾಗಲಿ ಕೊಳೆಗೇರಿಯಾಗಲಿ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. ಬೆಂಗಳೂರಿನ ಅಂಚಿನಲ್ಲಿ ದಿನಬೆಳಗಾದರೆ ಹೊಸ ಶೆಡ್ಡುಗಳ ಸಾಲು ಏಳುತ್ತಿದೆ. ಅಲ್ಲಿ ಎಷ್ಟು ಮಂದಿಗೆ ಈ ಆದೇಶ ಗೊತ್ತಿದೆ?

ಆದರೆ ಶಿಕ್ಷಣದ ವಿಷಯದಲ್ಲಿ ಕಾನೂನು ಇಷ್ಟು ಗಟ್ಟಿಯಾಗಿಲ್ಲ ಎಂಬುದನ್ನೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಮೂರರಿಂದ ಆರು ವರ್ಷದವರ ಬಗ್ಗೆ ಅದರ 11ನೇ ಸೆಕ್ಷನ್ ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆಯೇ ಹೊರತು ಮಾಡಲೇಬೇಕು ಎನ್ನುವುದಿಲ್ಲ. ಕಾನೂನು ಸಡಿಲವಾಗಿರುವ ಇಂಥ ಕಡೆಯೇ ತಂದೆತಾಯಿಯರು ಒಟ್ಟಾಗಿ ಕೇಳುವುದು ಹೆಚ್ಚು ಮುಖ್ಯವಾಗುತ್ತದೆ.

ದೂರದ_ಕನ್ನಡತಿ

ನಾನು ಬಸವೇಶ್ವರನಗರದವಳು, ಅಮೆರಿಕದಲ್ಲಿ ಹೆಡ್ ಸ್ಟಾರ್ಟ್ ಕೇಂದ್ರವೊಂದರಲ್ಲಿ ಕೆಲವು ವರ್ಷ ಸಹಾಯಕ ಶಿಕ್ಷಕಿಯಾಗಿದ್ದೆ. 1965ರಲ್ಲಿ ಬಡ ಕುಟುಂಬಗಳ ಮಕ್ಕಳಿಗಾಗಿ ಆರಂಭವಾದ ಆ ಯೋಜನೆಯೂ ಸರ್ಕಾರದ ಹಣದಲ್ಲೇ ನಡೆಯುತ್ತದೆ. ಅಲ್ಲಿ ನೀತಿ ಮಂಡಳಿ ಎಂಬುದೊಂದಿದೆ. ಅದರ ಸದಸ್ಯರಲ್ಲಿ ಬಹುಮತ ಆ ಹೊತ್ತಿಗೆ ಕೇಂದ್ರದಲ್ಲಿ ಕಲಿಯುತ್ತಿರುವ ಮಕ್ಕಳ ತಂದೆತಾಯಿಯರದ್ದೇ ಇರಬೇಕು. ಆಯವ್ಯಯವೂ ಅನುದಾನದ ಅರ್ಜಿಯೂ ಅವರ ಮುಂದೆ ಬರಬೇಕು. ಶಿಕ್ಷಕಿ ವರ್ಷಕ್ಕೆ ಕನಿಷ್ಠ ಎರಡು ಬಾರಿ ಮಗುವಿನ ಮನೆಗೆ ಹೋಗಿ ಬರಬೇಕು.

ವಿಜಯನಗರದವರ ಐವತ್ತು ರೂಪಾಯಿಯ ಮಾತಿಗೆ ಸಂಬಂಧಿಸಿದಂತೆ ಒಂದು ವಿಷಯ. ಹೆಡ್ ಸ್ಟಾರ್ಟ್ ನಡೆಸುವ ಸಂಸ್ಥೆ ಒಟ್ಟು ವೆಚ್ಚದಲ್ಲಿ ಸಾಮಾನ್ಯವಾಗಿ ಶೇಕಡ 20ರಷ್ಟನ್ನು ಸ್ಥಳೀಯವಾಗಿ ಹೊಂದಿಸಬೇಕು. ತಾಯಿಯೊಬ್ಬಳು ತರಗತಿಯಲ್ಲಿ ಒಂದು ಗಂಟೆ ಕೆಲಸ ಮಾಡಿದರೆ ಆ ಗಂಟೆಗೆ ಬೆಲೆ ಕಟ್ಟಿ ಆ ಪಾಲಿಗೆ ಸೇರಿಸುತ್ತಾರೆ. ನಾನೇ ಆ ಹಾಳೆಗಳನ್ನು ತುಂಬಿಸುತ್ತಿದ್ದೆ. ಬಡವರ ಸಮಯಕ್ಕೂ ಬೆಲೆಯಿದೆ ಎಂದು ಕಾಗದದ ಮೇಲೆ ಒಪ್ಪಿಕೊಂಡದ್ದು ನನಗೆ ಬಹಳ ಇಷ್ಟವಾಗಿತ್ತು.

ಗಾರ್ಮೆಂಟ್ಸ್_ಅಕ್ಕ

ಬೆಲೆ ಕಟ್ಟಿದರು, ಆದರೆ ಆ ದುಡ್ಡು ತಾಯಿಯ ಕೈಗೆ ಬಂತೇ?

ದೂರದ_ಕನ್ನಡತಿ

ಇಲ್ಲ ಅಕ್ಕ, ಬರಲಿಲ್ಲ. ನಿಮ್ಮ ಪ್ರಶ್ನೆ ಸರಿಯಾದದ್ದೇ. ಎರಡು ಕಡೆ ದುಡಿಯುವ ತಾಯಂದಿರಿಗೆ ಅಲ್ಲೂ ಬಿಡುವಿರಲಿಲ್ಲ, ಅವರ ಮನೆಯ ಹಾಳೆಗಳು ಖಾಲಿ ಉಳಿಯುತ್ತಿದ್ದವು.

ಯಾದಗಿರಿ_ಮೇಸ್ತ್ರಿ

ನಾನು ಕಟ್ಟಡದ ಕೆಲಸಕ್ಕಾಗಿ ಯಾದಗಿರಿಯಿಂದ ಬಂದು ಹೆಣ್ಣೂರಿನ ಕಡೆ ಇದ್ದೇನೆ. ಇಲ್ಲಿ ಎಲ್ಲರೂ ತಾಯಂದಿರು, ಅಜ್ಜಿಯರು ಎಂದೇ ಬರೆಯುತ್ತಿದ್ದೀರಿ. ನನ್ನ ಮಗಳನ್ನು ದಿನಾ ಅಂಗನವಾಡಿಗೆ ಬಿಡುವವನು ನಾನು, ಏಕೆಂದರೆ ನನ್ನ ಹೆಂಡತಿ ಆರು ಗಂಟೆಗೇ ಮನೆಗೆಲಸಕ್ಕೆ ಹೋಗುತ್ತಾಳೆ. ಆದರೆ ಸಭೆಯ ಹೆಸರೇ ತಾಯಂದಿರ ಸಭೆ. ನನ್ನನ್ನು ಇದುವರೆಗೆ ಯಾರೂ ಒಳಗೆ ಕರೆದಿಲ್ಲ, ಹೊಸ್ತಿಲಲ್ಲೇ ಮಗಳ ಕೈ ಬಿಟ್ಟು ಬರುತ್ತೇನೆ.

ಇನ್ನೊಂದು ತೊಂದರೆಯೂ ಇದೆ. ಎಂಟು ತಿಂಗಳಿಗೊಮ್ಮೆ ಕೆಲಸದ ಜಾಗ ಬದಲಾಗುತ್ತದೆ. ಮಗಳ ಹೆಸರು ಊರಿನ ಅಂಗನವಾಡಿಯಲ್ಲೇ ಇದ್ದದ್ದರಿಂದ ಇಲ್ಲಿ ಮೊದಲು ಸೇರಿಸಿಕೊಳ್ಳಲು ಹಿಂಜರಿದರು.

ಶಿವಾಜಿನಗರ_ಟೀಚರ್

ಅಣ್ಣ, ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಲು ಟ್ರ್ಯಾಕರಿನಲ್ಲೇ ಅವಕಾಶವಿದೆ. ಹೊಸ ಜಾಗಕ್ಕೆ ಹೋದಾಗ ಮಗುವಿನ ಆಧಾರ್ ಮತ್ತು ತಾಯಿ ಕಾರ್ಡನ್ನು ಟೀಚರಿಗೆ ತೋರಿಸಿ ಕೇಳಿ. ತಂದೆಯರ ಬಗ್ಗೆ ನೀವು ಹೇಳಿದ್ದು ನನಗೂ ತಟ್ಟಿತು. ನನ್ನ ಕೇಂದ್ರದಲ್ಲೂ ಬೆಳಿಗ್ಗೆ ಮಕ್ಕಳನ್ನು ಬಿಡುವವರಲ್ಲಿ ಏಳು ಮಂದಿ ತಂದೆಯರು. ಅವರಲ್ಲಿ ಇಬ್ಬರ ಹೆಸರೂ ನನಗೆ ತಿಳಿಯದು.

ಬಸವನಗುಡಿ_ವಕೀಲ

ಕೆಲಸದ ಜಾಗದ ಮಾತು ಬಂದದ್ದರಿಂದ ಹೇಳುತ್ತೇನೆ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. 50ಕ್ಕಿಂತ ಹೆಚ್ಚು ಹೆಂಗಸರಿರುವ ಕಟ್ಟಡದ ಕೆಲಸಗಳಿಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅದನ್ನೇ ಹೇಳಿತು. ಮಾಲೀಕರು ಈ ಹೊಣೆಯನ್ನು ಸರಿಯಾಗಿ ಹೊತ್ತಿದ್ದರೆ ಅಂಗನವಾಡಿಯ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ.

ಹೊಸ_ತಾಯಿ_ಕೆಂಗೇರಿ

ನಾನು ಮಗಳನ್ನು ಅಂಗನವಾಡಿಗೆ ಸೇರಿಸಬೇಕೆಂದಿದ್ದೇನೆ. ಆದರೆ ಅತ್ತೆಯವರು ಒಪ್ಪುತ್ತಿಲ್ಲ. ಅಲ್ಲಿ ಬರೀ ಊಟ ಹಾಕಿ ಮಲಗಿಸುತ್ತಾರೆ, ಎಬಿಸಿಡಿ ಹೇಳಿಕೊಡುವುದಿಲ್ಲ, ಎಲ್‌ಕೆಜಿಗೆ ಹಾಕು ಎನ್ನುತ್ತಾರೆ. ಅವರ ಮಾತಿನಲ್ಲೂ ಸತ್ಯವಿದೆಯಲ್ಲವೇ?

ನಿವೃತ್ತ_ಮೇಲ್ವಿಚಾರಕಿ

ಕೆಲವು ಕೇಂದ್ರಗಳ ಮಟ್ಟಿಗೆ ಇದೆ ಅಮ್ಮ, ಮುಚ್ಚಿಡುವುದಿಲ್ಲ. ಆದರೆ ಎಲ್‌ಕೆಜಿ ಎಂಬ ಫಲಕ ಹಾಕಿ ಮೂರೂವರೆ ವರ್ಷದ ಮಗುವಿಗೆ ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರ ತಿದ್ದಿಸುವುದು ಶಿಕ್ಷಣವಲ್ಲ. ಆ ವಯಸ್ಸಿನಲ್ಲಿ ಬೆರಳಿನ ಮೂಳೆ, ಸ್ನಾಯು ಇನ್ನೂ ಬಲಿಯುತ್ತಿರುತ್ತವೆ. ಮಣ್ಣು ಕಲಸುವುದು, ಮಣಿ ಪೋಣಿಸುವುದು, ಅವರೆಕಾಳು ಸುಲಿಯುವುದು ಇವೆಲ್ಲ ಬರವಣಿಗೆಗೆ ಪೂರ್ವಸಿದ್ಧತೆ. ಮೂರರಿಂದ ಆರು ವರ್ಷದವರಿಗಾಗಿ 2024ರಲ್ಲಿ ಬಂದ ಆಧಾರಶಿಲಾ ಪಠ್ಯಕ್ರಮ ಆಟದ ಮೂಲಕ ಕಲಿಕೆ ಎಂಬುದನ್ನೇ ಹಿಡಿದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನದ್ದನ್ನು ಒಂದೇ ಬುನಾದಿ ಹಂತ ಎಂದು ಎಣಿಸುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ಅಂಗನವಾಡಿ ಬರಿದಾಗುತ್ತದೆ ಎಂದು 2024ರಲ್ಲಿ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತದ್ದು ನಿಮಗೆ ನೆನಪಿರಬಹುದು. ಆ ಆತಂಕಕ್ಕೆ ಮೂಲ ನಿಮ್ಮ ಅತ್ತೆಯವರು ಹೇಳಿದ ಮಾತೇ. ಮಕ್ಕಳು ಅಲ್ಲಿ ಏನು ಮಾಡುತ್ತಾರೆ ಎಂಬುದು ಮನೆಯವರ ಕಣ್ಣಿಗೆ ಬೀಳುತ್ತಿಲ್ಲ. ಅತ್ತೆಯವರನ್ನು ಒಂದು ಬೆಳಿಗ್ಗೆ ಕೇಂದ್ರದಲ್ಲಿ ಕೂರಿಸಿ, ಆಮೇಲೆ ತೀರ್ಮಾನಿಸಿ. ಅಂಗನವಾಡಿ ಎಂಬ ಪದ ಬಂದದ್ದೇ ಹಾಗೆ: 1945ರ ನಂತರ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಾಲವಾಡಿ ನಡೆಸುತ್ತಿದ್ದಾಗ ಕೇರಿಯ ಮಕ್ಕಳು ಬರಲಿಲ್ಲ, ಆಗ ಅವರೇ ಬಾಲವಾಡಿಯನ್ನು ಕೇರಿಯ ಅಂಗಳಕ್ಕೆ ಕೊಂಡೊಯ್ದರು. ಅಂಗಳದಲ್ಲಿ ನಡೆದರೆ ಮನೆಯವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಾವು ಅದನ್ನು ಬಾಡಿಗೆ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿಕೊಂಡೆವು.

ಮಾಗಡಿರಸ್ತೆ_ಸಮಿತಿ

ನಾನೂ ಒಂದು ಕೇಂದ್ರದ ಸಮಿತಿಯಲ್ಲಿ ಎರಡು ವರ್ಷ ಇದ್ದೆ. ನಮ್ಮಲ್ಲಿ ಜನರನ್ನು ಕರೆತಂದದ್ದು ಲೆಕ್ಕ. ಒಂದು ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಎಂದು 2017ರಲ್ಲಿ ಕೇಂದ್ರ ನಿಗದಿ ಮಾಡಿದ ದರವನ್ನು ಒಂದು ಕಪ್ಪು ಹಲಗೆಯ ಮೇಲೆ ಬರೆದು ಬಾಗಿಲ ಹೊರಗೆ ತೂಗುಹಾಕಿದೆವು. ಅದರ ಕೆಳಗೆ ಆ ವಾರ ಬಂದ ಮೊಟ್ಟೆ ಎಷ್ಟು, ಕೊಂಡ ಬೆಲೆ ಎಷ್ಟು, ತಿಂದ ಮಕ್ಕಳು ಎಷ್ಟು ಎಂದು ಬರೆದೆವು. ಮೊದಲ ವಾರ ಯಾರೂ ಕೇಳಲಿಲ್ಲ. ಎರಡನೇ ವಾರ ಬೀದಿಯ ತರಕಾರಿಯವರು ನಿಂತು ಓದಿ, "ಟೊಮೇಟೊ ಈ ಬೆಲೆಗೆ ಕೊಂಡಿರಾ? ನಾನು ಕಡಿಮೆಗೆ ಕೊಡುತ್ತಿದ್ದೆ" ಎಂದರು. ಅವರ ಮೊಮ್ಮಗ ನಮ್ಮಲ್ಲೇ ಇದ್ದ. ಮುಂದೆ ಅವರೇ ಸಮಿತಿಗೆ ಬಂದರು.

ಮೊಟ್ಟೆಯ ಬೆಲೆ ಏರಿದಾಗ ಟೀಚರ್ ತಮ್ಮ ಕೈಯಿಂದ ಹಣ ಹಾಕುತ್ತಿದ್ದರೆಂಬುದು ಆ ಹಲಗೆಯಿಂದಲೇ ಎಲ್ಲರಿಗೂ ತಿಳಿಯಿತು. ಅಲ್ಲಿಯವರೆಗೆ ಟೀಚರ್ ಮೊಟ್ಟೆ ಮನೆಗೆ ಒಯ್ಯುತ್ತಾರೆ ಎಂದು ಬೀದಿಯಲ್ಲಿ ಮಾತಿತ್ತು. ದರದ ವ್ಯತ್ಯಾಸ ತುಂಬಿಕೊಡಿ ಎಂದು ನಾವು 17 ಮಂದಿ ಸಹಿ ಹಾಕಿ ಪತ್ರ ಬರೆದೆವು. ಉತ್ತರ ಬರಲು ತಡವಾಯಿತು, ಆದರೆ ಬಂತು.

ವಿಜಯನಗರ_ಓದುಗ

ನಾನು ಐವತ್ತು ರೂಪಾಯಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮಾಗಡಿ ರಸ್ತೆಯವರೇ, ಆ ಹಲಗೆಯ ಚಿತ್ರವಿದ್ದರೆ ಹಾಕಿ.

ದಾಸರಹಳ್ಳಿ_ಅಮ್ಮ

ಎಲ್ಲರಿಗೂ ಧನ್ಯವಾದಗಳು. ಹದಿನೈದು ದಿನಗಳ ಬಳಿಕ ಬರೆಯುತ್ತಿದ್ದೇನೆ.

ಟೀಚರ್ ಜೊತೆ ಮಾತನಾಡಿ, ಈ ಬಾರಿ ಭಾನುವಾರ ಸಂಜೆ ಐದಕ್ಕೆ ಕರೆದೆವು. ಅದಕ್ಕೆ ಬದಲಾಗಿ ಬುಧವಾರ ಮಧ್ಯಾಹ್ನ ಟೀಚರ್ ಬೇಗ ಹೋಗಬೇಕೆಂದಾಗ ನಾನೂ ಆ ಅಜ್ಜಿಯೂ ಸಹಾಯಕಿಯ ಜೊತೆ ಮಕ್ಕಳನ್ನು ನೋಡಿಕೊಳ್ಳುವುದೆಂದು ಮಾತಾಯಿತು. ತಾಯಂದಿರ ಸಭೆ ಎಂಬ ಹೆಸರು ಬಿಟ್ಟು "ನಿಮ್ಮ ಮಗುವಿನ ಚುಕ್ಕಿ ನೋಡಲು ಬನ್ನಿ" ಎಂದು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲೇ ಕಳುಹಿಸಿದೆವು. ಹನ್ನೊಂದು ಮನೆಯವರು ಬಂದರು, ಅವರಲ್ಲಿ ಇಬ್ಬರು ತಂದೆಯರು. ಎದುರು ಮನೆಯವರೂ ಬಂದರು.

ಲೆಕ್ಕ ಓದಿದಾಗ ಜಗಳವೇ ಆಯಿತು. ಮೊಟ್ಟೆ ಚಿಕ್ಕದು ಎಂದು ಒಬ್ಬರು, ಬೇಯಿಸಲು ಗ್ಯಾಸ್ ಸಾಲದು ಎಂದು ಸಹಾಯಕಿ, ಮಗು ಮೊಟ್ಟೆ ತಿನ್ನುವುದಿಲ್ಲ, ಬೇರೆ ಏನು ಕೊಡುತ್ತೀರಿ ಎಂದು ಇನ್ನೊಬ್ಬರು. ಟೀಚರ್ ಕಣ್ಣಲ್ಲಿ ನೀರು ಬಂತು. ಆಮೇಲೆ ಬಡಗಿ ಕೆಲಸದ ಒಬ್ಬ ತಂದೆ ಎದ್ದು ಹಿತ್ತಲಿಗೆ ಹೋಗಿ, ಶೌಚಾಲಯದ ಮೆಟ್ಟಿಲನ್ನು ಗೇಣಿನಿಂದ ಅಳೆದು ಬಂದು, ಹಲಗೆಯ ಒಂದು ಸಣ್ಣ ಮೆಟ್ಟಿಲನ್ನು ಈ ವಾರವೇ ಮಾಡಿಕೊಡುತ್ತೇನೆ ಎಂದರು. ಆಗ ಎದುರು ಮನೆಯವರು, ಮೆಟ್ಟಿಲು ಅವರು ಮಾಡಲಿ, ಆದರೆ ಮಕ್ಕಳಿಗೆಂದೇ ಶೌಚಾಲಯ ಇರುವ ಜಾಗ ಬೇಕೆಂದು ನಾವು ಪತ್ರ ಬರೆಯಲೇಬೇಕು, ಇಲ್ಲದಿದ್ದರೆ ಮೆಟ್ಟಿಲಿದೆಯಲ್ಲ ಎಂದು ಸುಮ್ಮನಾಗುತ್ತಾರೆ ಎಂದರು. ಪತ್ರಕ್ಕೆ ಹನ್ನೊಂದು ಸಹಿ ಬಿದ್ದಿವೆ. ಬಾರದವರ ಮನೆಗೆ ಈಗ ಸಹಿ ಪುಸ್ತಕದ ಬದಲು ಆ ಪತ್ರವನ್ನು ಒಯ್ಯುತ್ತಿದ್ದೇನೆ.

ಗಾರ್ಮೆಂಟ್ಸ್_ಅಕ್ಕ

ಭಾನುವಾರ ಐದು ಗಂಟೆ ಎಂದರೆ ನಾನೂ ನಮ್ಮಲ್ಲಿ ಕೇಳುತ್ತೇನೆ. ಪತ್ರದಲ್ಲಿ ಏನೆಂದು ಬರೆದಿರಿ, ಯಾರ ಹೆಸರಿಗೆ ಬರೆದಿರಿ ಎಂದು ಇಲ್ಲಿ ಹಾಕುತ್ತೀರಾ? ನಮ್ಮ ಕೇಂದ್ರದಲ್ಲೂ ಶೌಚಾಲಯದ್ದೇ ತೊಂದರೆ.

ದಾಸರಹಳ್ಳಿ_ಅಮ್ಮ

ಖಂಡಿತ ಅಕ್ಕ. ಮಗ ಮಲಗಿದ ಮೇಲೆ ಇವತ್ತು ರಾತ್ರಿ ಹಾಕುತ್ತೇನೆ. ವಕೀಲರು ಅದನ್ನು ಒಮ್ಮೆ ತಿದ್ದಿಕೊಟ್ಟರೆ ಇನ್ನೂ ಒಳ್ಳೆಯದು.